ನೈರುತ್ಯದ ನೀರು

ನಾನು ಕೊಂಡ ಮನೆ ನೋಡಲು ಬಂದ ದಿನ ನಮ್ಮಣ್ಣ ಗೋಡೆ ನೋಡಲಿಲ್ಲ, ಸೂರು ನೋಡಲಿಲ್ಲ. ನೆಟ್ಟಗೆ ಹಿತ್ತಲಿಗೆ ಹೋಗಿ ಗುಂಡಿಯ ಮುಂದೆ ನಿಂತ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಓಡುತ್ತಿದ್ದ ಕಾಲಕ್ಕೆ ಯಾರೋ ಉಳ್ಳವರು ಕಟ್ಟಿಸಿದ ಬಂಗಲೆ ಅದು. ಹಿಂದುಗಡೆ ಕಾಂಕ್ರೀಟಿನ ಈಜುಕೊಳ. ಅದರಲ್ಲಿ ನೀರಿರಲಿಲ್ಲ, ಒಣಗಿದ ಎಲೆ, ಒಡೆದ ಹೆಂಚು, ಒಂದು ಮುರುಕು ಸೈಕಲ್ಲು ಬಿದ್ದಿದ್ದವು. ಗಾರೆ ಚಕ್ಕೆ ಚಕ್ಕೆಯಾಗಿ ಎದ್ದು ಒಳಗಿನ ಸರಳು ತುಕ್ಕು ಹಿಡಿದು ಕಾಣುತ್ತಿತ್ತು.

ಅಣ್ಣ ಮೊಬೈಲು ತೆಗೆದು ದಿಕ್ಕು ನೋಡಿದ.

"ನೈರುತ್ಯ ಕಣೋ ತಮ್ಮಾ. ಇಲ್ಲಿ ಗುಂಡಿ ಇದ್ರೆ ಯಜಮಾನನ ತಲಿಗೆ ಬರ್ತೈತೆ. ನಾಳೆನೇ ಟ್ರ್ಯಾಕ್ಟರ್ ಕರ್ಸಿ ಮಣ್ಣು ಹೊಡಿಸು."

"ಮುಚ್ಚಂಗಿಲ್ಲ."

"ಮತ್ತೇನ್ ಮಾಡ್ತಿ? ಮೀನು ಸಾಕ್ತಿಯಾ?"

"ಈಜಾಕೆ ಕಟ್ಟಿದ್ದು, ಈಜಾಕೇ ಇರ್ತೈತೆ."

"ನಿನಗೆ ಈಜು ಬರ್ತೈತೇನಲೇ?"

ಬರುವುದಿಲ್ಲ. ಇವತ್ತಿಗೂ ಬರುವುದಿಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಮಂಡಕ್ಕಿ ಭಟ್ಟಿ ಸೇರಿದವನು ನಾನು. ಹೊಟ್ಟಿನ ಬೆಂಕಿಯ ಮುಂದೆ ನಿಂತು, ಕಾದ ಮರಳಿನಲ್ಲಿ ಅಕ್ಕಿ ಅರಳಿಸುತ್ತ ಮೈ ಸುಟ್ಟುಕೊಂಡು, ಕೊನೆಗೆ ನನ್ನದೇ ಭಟ್ಟಿ ಹಾಕಿದೆ. ಈ ಮನೆ ಬಂದದ್ದು ಆ ಬೆಂಕಿಯಿಂದ. ಅದರ ಗುಂಡಿ ಮುಚ್ಚು ಎನ್ನುವ ಹಕ್ಕು ಮೊಬೈಲಿಗೂ ಇಲ್ಲ, ಅಣ್ಣನಿಗೂ ಇಲ್ಲ.

ಆದರೆ ಅಣ್ಣನನ್ನು ಬಿಟ್ಟು ಗೃಹಪ್ರವೇಶ ಮಾಡುವಂತೆಯೂ ಇರಲಿಲ್ಲ. ಅಪ್ಪ ಹೋದ ಮೇಲೆ ಅಪ್ಪನ ಜಾಗದಲ್ಲಿ ನಿಂತವನು ಅವನು. ಗುಂಡಿ ಇರುವತನಕ ಹೊಸಿಲು ತುಳಿಯುವುದಿಲ್ಲ ಎಂದ. ನನಗೂ ರೋಷ ಬಂತು.

"ಗೃಹಪ್ರವೇಶದ ಹೊತ್ತಿಗೆ ಇದರಾಗ ನೀರು ನಿಲ್ಲದಿದ್ರೆ ನಾನೇ ಮಣ್ಣು ಹೊಡಿಸ್ತೀನಿ. ನಿಂತ್ರೆ ನೀನು ಸುಮ್ನೆ ಬಂದು ಪಂಕ್ತಿಯಾಗ ಕೂತು ಊಟ ಮಾಡ್ಬೇಕು."

"ಆತು ಬಿಡು. ಈ ಜರಡಿಯಾಗ ನೀರು ನಿಲ್ಲಿಸು, ನೋಡೋಣ."

ನಾನು ಹಟ ಹಿಡಿದದ್ದಕ್ಕೆ ನಿಜವಾದ ಕಾರಣ ಅವನಿಗೆ ಹೇಳಿರಲಿಲ್ಲ. ನನ್ನ ಹೆಂಡತಿ ಹರಿಹರದವಳು. ಹೆಣ್ಣು ನೋಡಲು ಹೋದಾಗ ಹುಡುಗಿಯೇ ಮನೆಯಲ್ಲಿರಲಿಲ್ಲ. ಬಹಳ ಹೊತ್ತಿನ ಮೇಲೆ ಕೂದಲಿಂದ ನೀರು ಸುರಿಸುತ್ತ ಹಿತ್ತಲ ಬಾಗಿಲಿಂದ ಬಂದಳು. ಹೊಳೆಗೆ ಹೋಗಿದ್ದಳಂತೆ, ಆಚೆ ದಡ ಮುಟ್ಟಿ ಬಂದಳಂತೆ. ಅವರಮ್ಮ ನಾಚಿಕೆಯಿಂದ ಸತ್ತೇಹೋದರು. ನಾನು ಅಲ್ಲೇ ಒಪ್ಪಿದೆ. ಮದುವೆಯಾದ ಮೇಲೆ ಅವಳು ಒಮ್ಮೆಯೂ ಈಜಲಿಲ್ಲ. ನನ್ನ ಜೊತೆ ಭಟ್ಟಿಯ ಮುಂದೆ ಕೂತು ಮರಳು ಜರಡಿ ಹಿಡಿದಳು. ಹರಿಹರದ ಸೇತುವೆ ಮೇಲೆ ಬಸ್ಸು ಹೋಗುವಾಗ ಮಾತು ನಿಲ್ಲಿಸಿ ಕಿಟಕಿಯ ಕಡೆ ತಿರುಗುತ್ತಿದ್ದಳು, ಅಷ್ಟೇ.

ಈಜುಕೊಳ ನಿನಗಾಗಿ ಎಂದರೆ ಅವಳೂ ಬೈದಳು. "ಅಜ್ಜಿ ಆಗೋ ವಯಸ್ನಾಗ ಈಜ್ಬೇಕಾ ನಾನು? ಪಕ್ಕದ ಮೂರಂತಸ್ತಿನ ಮನಿಯೋರು ಮ್ಯಾಲಿಂದ ನೋಡ್ಕಂತ ನಿಂತ್ರೆ ಏನ್ಮಾಡ್ಲಿ?"

"ಕಾಂಪೌಂಡಿನ ಮ್ಯಾಲೆ ತಗಡು ಹೊಡಿಸ್ತೀನಿ."

"ತಗಡಿನ ಒಳಗ ಕೋಳಿ ಇದ್ದಂಗೆ ಇರ್ತೀನಿ. ಹೋಗ್ರಿ, ನಂಗೆ ಬ್ಯಾಡ."

ಬ್ಯಾಡ ಅಂದರೂ ಕೆಲಸ ಶುರು ಮಾಡಿಸಿದೆ. ಆವರಗೆರೆಯ ಗಾರೆ ಮೇಸ್ತ್ರಿಯೊಬ್ಬರು ಬಂದರು. ಗೋಡೆಯನ್ನೆಲ್ಲ ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬಂದ ಕಡೆಯೆಲ್ಲ ಗಾರೆ ಕೆಡವಿದೆವು. ಸರಳಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ನಾನೇ ಉಜ್ಜಿದೆ. ಭಟ್ಟಿ ಮುಗಿಸಿ ಬಂದು ಕತ್ತಲಾಗುವತನಕ ಅದೇ ಕೆಲಸ. ಬಿರುಕುಗಳನ್ನು ಅಗಲ ಮಾಡಿ ಸಿಮೆಂಟು ತುಂಬಿ, ಹೊಸ ಗಾರೆ ಹೊಡೆದು, ಗೋಣಿಚೀಲ ಹೊದಿಸಿ ನೀರುಣಿಸಿದೆವು. ಮೇಲೆ ನೀಲಿ ಬಣ್ಣ. ಬೋರಿನ ನೀರು ಬಿಟ್ಟು ತುಂಬಿಸಿದಾಗ ಹಿತ್ತಲಲ್ಲಿ ಆಕಾಶ ಇಳಿದಂತೆ ಕಂಡಿತು. ನಾನು ಅಣ್ಣನಿಗೆ ಫೋಟೋ ಕಳಿಸಿದೆ.

ಕಳಿಸಬಾರದಿತ್ತು. ಮೆಟ್ಟಿಲ ಮೇಲೆ ಮೇಸ್ತ್ರಿ ಒಂದು ಬಕೆಟ್ಟಿನಲ್ಲಿ ನೀರು ತುಂಬಿ ಇಟ್ಟಿದ್ದರು. ಬಿಸಿಲಿಗೆ ಬಕೆಟ್ಟಿನ ನೀರು ಎಷ್ಟು ಇಳಿಯುತ್ತದೋ ಕೊಳದ್ದೂ ಅಷ್ಟೇ ಇಳಿಯಬೇಕು. ಮರುದಿನ ನೋಡಿದರೆ ಬಕೆಟ್ಟು ಹೆಚ್ಚುಕಡಿಮೆ ತುಂಬಿಯೇ ಇತ್ತು. ಕೊಳ ಮಾತ್ರ ಗೇಣುದ್ದ ಇಳಿದಿತ್ತು.

ಖಾಲಿ ಮಾಡಿ ನೋಡಿದರೆ ಒಂದು ಕೂದಲೆಳೆ ಬಿರುಕೂ ಕಾಣಲಿಲ್ಲ. ಮತ್ತೆ ತುಂಬಿಸಿದರೆ ಮತ್ತೆ ಇಳಿಯಿತು. ಮೇಸ್ತ್ರಿ ತಲೆ ಕೆರೆದುಕೊಂಡರು.

"ಯಜಮಾನ್ರೇ, ನೀರಿನ ಭಾರ ಬಿದ್ದಾಗಷ್ಟೇ ಎಲ್ಲೋ ಬಾಯಿ ಬಿಡ್ತೈತೆ. ನೀರಿದ್ದಾಗ್ಲೇ ಯಾರಾದ್ರೂ ತಳಕ್ಕೆ ಹೋಗಿ ನೋಡ್ಬೇಕು. ನನಗಂತೂ ಈಜು ಬರಂಗಿಲ್ಲ."

ಗೃಹಪ್ರವೇಶಕ್ಕೆ ಒಂದು ವಾರವೂ ಉಳಿದಿರಲಿಲ್ಲ. ಸುದ್ದಿ ಹೇಗೋ ಅಣ್ಣನಿಗೆ ಮುಟ್ಟಿತು. ಸಂಜೆಗೆ ಬಂದು ಗೇಟಿನ ಹೊರಗೇ ನಿಂತು ಕೂಗಿದ. "ಟ್ರ್ಯಾಕ್ಟರ್‌ನೋನಿಗೆ ಹೇಳ್ಲೇನೋ?"

ಕೊಟ್ಟ ಮಾತು ಕೊಟ್ಟದ್ದೇ. ಗೃಹಪ್ರವೇಶದ ತಯಾರಿಗೆ ಬಂದಿದ್ದ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಳು.

"ಭಾವಾರೇ, ಟ್ರ್ಯಾಕ್ಟರ್ ಆಮೇಲೆ. ಬಂದೋರು ಒಂದೀಟು ನಿಂದರ್ರಿ."

ಅರಿಷಿಣಕ್ಕೆ ಸುಣ್ಣ ಕಲಸಿ ಆರತಿಯ ಕೆಂಪು ನೀರು ಮಾಡಿದಳು. ದೃಷ್ಟಿ ತೆಗೆಯುತ್ತಾಳೆ ಎಂದುಕೊಂಡೆ. ಅದನ್ನು ಹಳೆಯ ಟಾನಿಕ್ ಬಾಟಲಿಗೆ ಹುಯ್ದು ಬಿರಡೆ ಹಾಕಿ, ಸೀರೆ ಕಚ್ಚೆ ಕಟ್ಟಿ, ಮೆಟ್ಟಿಲು ಬಿಟ್ಟು ಆಳದ ಕಡೆಯಿಂದಲೇ ಧುಮುಕಿದಳು. ಪಕ್ಕದ ಮನೆಯ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದವರು ಹಾಗೇ ನಿಂತರು. ಅಣ್ಣ ಗೇಟು ದಾಟಿ ಓಡಿ ಬಂದ. "ಏಯ್, ಹಿಡಕಳ್ರೋ!" ಹಿಡಿಯುವವರು ಯಾರು? ಮೇಸ್ತ್ರಿಯೂ ಸೇರಿ ಈಜು ಬಾರದ ಮೂವರು ಗಂಡಸರು ದಡದ ಮೇಲೆ ಕಂಬದ ಹಾಗೆ ನಿಂತಿದ್ದೆವು.

ತಳದಲ್ಲಿ ಅವಳು ಗೋಡೆಯ ಬುಡ ಹಿಡಿದು ಸರಿಯುವುದು ಕಾಣುತ್ತಿತ್ತು. ಅಲ್ಲಲ್ಲಿ ಚೂರು ಚೂರೇ ಕೆಂಪು ಬಿಡುತ್ತಿದ್ದಳು. ಅದು ಹೊಗೆಯ ಹಾಗೆ ಸುಮ್ಮನೆ ಹರಡುತ್ತಿತ್ತು. ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಮುಳುಗಿದಳು. ನೀರು ಹೊರಬಿಡುವ ಹಳೆಯ ಕಬ್ಬಿಣದ ಕೊಳವೆಯ ಬಾಯಿಯ ಹತ್ತಿರ ಕೆಂಪು ಹರಡಲಿಲ್ಲ. ದಾರದ ಹಾಗೆ ಸಣ್ಣಗಾಗಿ ಕೊಳವೆಗೂ ಕಾಂಕ್ರೀಟಿಗೂ ನಡುವಿನ ಸಂದಿಗೆ ಇಳಿದುಹೋಯಿತು.

ತಲೆ ಮೇಲೆತ್ತಿ ಮುಖದ ನೀರು ಒರೆಸಿಕೊಂಡಳು. "ಮೇಸ್ತ್ರಿ, ಪೈಪಿನ ಬಾಯಿ. ಸುತ್ತ ಕುಡೀತೈತೆ." ಆಮೇಲೆ ಹತ್ತಿ ಬರುತ್ತಾಳೆ ಎಂದುಕೊಂಡರೆ ಬರಲಿಲ್ಲ. ಆ ತುದಿಗೆ ಈಜಿಕೊಂಡು ಹೋಗಿ, ಗೋಡೆಗೆ ಕಾಲು ಕೊಟ್ಟು, ಮತ್ತೆ ಈ ತುದಿಗೆ ಬಂದಳು. ನಾವು ಇದ್ದೇವೆ ಎನ್ನುವುದೇ ಅವಳಿಗೆ ಮರೆತ ಹಾಗಿತ್ತು.

ಕೊಳವೆಯ ಸುತ್ತ ಅಗೆದು, ಹೊಸದಾಗಿ ಸಿಮೆಂಟು ತುರುಕಿ ಬಿಗಿ ಮಾಡಿದೆವು. ಗೃಹಪ್ರವೇಶದ ಬೆಳಿಗ್ಗೆ ಕೊಳವೂ ಬಕೆಟ್ಟೂ ಒಂದೇ ಸಮ ಇದ್ದವು. ಅಣ್ಣ ಬಂದ, ಬಗ್ಗಿ ನೋಡಿದ.

"ನೀರೇನೋ ನಿಂತೈತೆ. ದಿಕ್ಕು ಬದಲಾಗಿಲ್ಲಲ್ಲೋ."

"ಬದಲಾಗಿಲ್ಲ. ನಾನೂ ಇಲ್ಲೇ ಇರ್ತೀನಿ. ಎಲಿ ಹಾಕೈತೆ, ಕೂಡು."

ಕೂತ. ಹೋಳಿಗೆ ಎರಡು ಸಲ ಹಾಕಿಸಿಕೊಂಡ.

ಮರುದಿನ ತಗಡಿನವನು ಕಾಂಪೌಂಡಿನ ಅಳತೆ ತೆಗೆಯಲು ಬಂದ. ಹೆಂಡತಿ ಆಗಲೇ ನೀರಿನಲ್ಲಿದ್ದಳು. ತಾರಸಿಯ ಮೇಲೆ ಪಕ್ಕದ ಮನೆಯ ಹೆಂಗಸರು ಇಬ್ಬರು ನಿಂತಿದ್ದರು. ಅವಳು ಅಂಗಾತ ತೇಲುತ್ತ ಅವರನ್ನು ನೋಡಿ ಕೈಬೀಸಿದಳು: "ಅಲ್ಲಿಂದ ಏನ್ ನೋಡ್ತೀರಿ? ಇಳಿದು ಬರ್ರಿ, ಕಲಿಸ್ತೀನಿ." ಆಮೇಲೆ ನನ್ನ ಕಡೆ ತಿರುಗಿದಳು.

"ತಗಡಿನೋನಿಗೆ ಚಾ ಕೊಟ್ಟು ಕಳಿಸ್ರಿ. ಹೊಳಿಗೆ ಯಾರಾದ್ರೂ ತಗಡು ಹೊಡಿಸ್ತಾರೇನ್ರಿ?"