ಯಂಕೇಶನ ಎಂಟು ಸುತ್ತು

ಗಿಣಿಗೇರಾದ ಕಾರ್ಖಾನೆಯವರು ಕಬ್ಬಿಣ ಕರಗಿಸಿ ಉಳಿದ ಕಾದ ಕಿಟ್ಟವನ್ನು ದಿಬ್ಬದ ಮೇಲೆ ಸುರಿದಾಗ ಮೊದಲು ಸುಯ್ಯೆಂದು ಉಸಿರೆಳೆದ ಹಾಗೆ ಸದ್ದಾಗುತ್ತದೆ, ಆಮೇಲೆ ಗಾಜು ಒಡೆದ ಹಾಗೆ ಚಟಚಟ. ತಗಡಿನ ಮನೆಯಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತ ತಸ್ಲೀಮಾ ತಲೆ ಎತ್ತದೆಯೇ ಹೇಳಬಲ್ಲಳು, ಸುರಿದದ್ದು ಎರಡು ಬಂಡಿಯೋ ಮೂರೋ ಎಂದು. ಅವಳ ಅಪ್ಪ ಹುಸೇನಬಾಷಾ ಲೇತ್ ಮಷೀನಿನವನು. ಬೈಕಿನ ಇಂಜಿನ್ನು ಕೊರೆದು ಕೊಡುವುದರಲ್ಲಿ ಕೊಪ್ಪಳದ ತುಂಬ ಹೆಸರಿದ್ದವನು. ಮಗಳನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಹಿಂದೆ ಒಂದೊಂದೇ ಗಾಡಿ ಚಾಲೂ ಮಾಡಿ ಕೇಳುತ್ತಿದ್ದ: "ಇದು ಯಾರ್ದು ಹೇಳು?" ಅವಳು ತಪ್ಪುತ್ತಿರಲಿಲ್ಲ.

ಆ ಕಿವಿಯೇ ಅವಳನ್ನು ರೇಸಿನ ಸಂಘಕ್ಕೆ ತಂದಿತು. ಊರಾಚೆ ಮುಚ್ಚಿಹೋದ ಕಾರ್ಖಾನೆಯೊಂದರ ಸುತ್ತ ಡಾಂಬರಿನ ಖಾಸಗಿ ರಸ್ತೆ ಇದೆ. ವರ್ಷಕ್ಕೆ ನಾಲ್ಕು ಭಾನುವಾರ ಅಲ್ಲಿ ಬೈಕ್ ರೇಸು. ಸುತ್ತು ಎಣಿಸುವವಳು ತಸ್ಲೀಮಾ, ಹನ್ನೊಂದು ವರ್ಷದಿಂದ. ಅದಿರಿನ ಕೆಂಪು ಧೂಳು ಎದ್ದರೆ ನಂಬರು ಕಾಣುವುದಿಲ್ಲ. ಹಾಗಾಗಿ ಅವಳು ನೋಡುವುದೇ ಇಲ್ಲ. ಕಣ್ಣು ಹಾಳೆಯ ಮೇಲೆ, ಎಡಗೈಯಲ್ಲಿ ಗಡಿಯಾರ. ಗಾಡಿ ದಾಟಿದ ಸದ್ದಿಗೆ ಆ ಹೆಸರಿನ ಮುಂದೆ ಒಂದು ಗೆರೆ, ಗೆರೆಯ ಕೆಳಗೆ ಹೊತ್ತು. ಅವಳ ಹಾಳೆಯ ಮೇಲೆ ಇಷ್ಟು ವರ್ಷದಲ್ಲಿ ಒಬ್ಬರೂ ತಕರಾರು ತೆಗೆದಿರಲಿಲ್ಲ.

ವರ್ಷದ ಕೊನೆಯ ರೇಸಿನ ದಿನ ಅವಳಿಗೆ ಬೆಳಗಿನಿಂದ ಸಮಾಧಾನವಿರಲಿಲ್ಲ. ಸಂಘದ ನಿಯಮ ಗಟ್ಟಿ: ಕೊನೆಯ ರೇಸಿನಲ್ಲಿ ಯಾವ ವರ್ಗದಲ್ಲಿ ಆರು ಮಂದಿ ಪೂರ್ತಿ ಓಡುವುದಿಲ್ಲವೋ ಆ ವರ್ಗ ಮುಂದಿನ ವರ್ಷ ಇರುವುದಿಲ್ಲ, ಅದರವರು ದೊಡ್ಡ ಇಂಜಿನ್ನಿನವರ ಜೊತೆ ಸೇರಬೇಕು. ಹಳೆಯ ನೂರು ಸಿಸಿ ಗಾಡಿಗಳ ವರ್ಗದಲ್ಲಿ ಉಳಿದಿದ್ದವರು ಐದೇ ಜನ. ಅವರಲ್ಲೊಬ್ಬ ಅವಳ ತಮ್ಮ ನಜೀಬ. ಇನ್ನೂರು ಸಿಸಿಯವರ ನಡುವೆ ಆ ಐವರನ್ನು ಬಿಟ್ಟರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಎಂಬತ್ತು ಸಿಸಿ ವರ್ಗವನ್ನು ನೂರಕ್ಕೆ ಸೇರಿಸಿದಾಗ ನವಲಿಯ ಯಂಕೇಶ ಹೀಗೆಯೇ ಹೋಗಿದ್ದ. ಎರಡು ರೇಸು ಎಲ್ಲರ ಹಿಂದೆ ಒಬ್ಬನೇ ಓಡಿದ. ಮೂರನೆಯದಕ್ಕೆ ಬರಲಿಲ್ಲ.

ನೂರು ಸಿಸಿಯವರ ಸರದಿ ಬಂದಾಗ ಸರಿಯಾಗಿ ಹನ್ನೆರಡು. ಬಿಸಿಲು ನೆತ್ತಿಯ ಮೇಲಿತ್ತು. ಕಂಬಗಳಿಗೂ ನೆರಳಿರಲಿಲ್ಲ. ಎಂಟು ಸುತ್ತು ಮುಗಿದು ಧೂಳು ಇಳಿದ ಮೇಲೆ ಸಂಘದ ಕಾರ್ಯದರ್ಶಿ ಮುದಿಯಪ್ಪ ಹಾಳೆ ತಗೊಂಡ. ಕೊಪ್ಪಳದಲ್ಲಿ ಬಿಡಿಭಾಗದ ಅಂಗಡಿ ಇಟ್ಟವನು, ಗದರುತ್ತಲೇ ಪ್ರೀತಿ ತೋರಿಸುವ ಮನುಷ್ಯ. ಹಾಳೆಯ ಮೇಲೆ ಬೆರಳಿಟ್ಟು ಹೆಸರು ಎಣಿಸಿದ.

"ಏನವ್ವಾ ತಸ್ಲೀಮಾ, ಓಡಿದವರು ಐದು ಮಂದಿ. ಇದರಾಗ ಆರು ಅದಾವ."

"ಆರೇ ಹೋದ್ವಲ್ರಿ."

"ಯಾವ ಆರು? ನಾ ಇಲ್ಲೇ ನಿಂತೀನಿ. ಐದು ಬಿಟ್ಟೆ, ಐದು ಬಂದ್ವು."

ಅವಳು ಹಾಳೆ ನೋಡಿದಳು. ಐದು ಹೆಸರಿನ ಕೆಳಗೆ ಅವಳದೇ ಅಕ್ಷರದಲ್ಲಿ 'ಯಂಕೇಶ' ಎಂದಿತ್ತು. ಮುಂದೆ ಎಂಟು ಗೆರೆ. ಪ್ರತಿ ಗೆರೆಯ ಕೆಳಗೆ ಹೊತ್ತು, ಒಂದು ನಿಮಿಷ ಐವತ್ತೆಂಟು, ಐವತ್ತೊಂಬತ್ತು, ಮತ್ತೆ ಐವತ್ತೆಂಟು. ಬರೆದದ್ದು ಅವಳಿಗೆ ನೆನಪಿರಲಿಲ್ಲ. ಆದರೆ ಕೇಳಿದ್ದು ನೆನಪಿತ್ತು. ಐದನೆಯ ಗಾಡಿ ದಾಟಿ ಸ್ವಲ್ಪ ಹೊತ್ತಿಗೆ ಆ ತೆಳ್ಳಗಿನ ಸದ್ದು, ಮೋರಿಯ ತಿರುವಿನಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ಅಡಗಿ ಮತ್ತೆ ಏಳುವುದು. ಅಲ್ಲಿ ಒಮ್ಮೆ ಬಿದ್ದ ಮೇಲೆ ಯಂಕೇಶ ಹಾಗೆ ಎಕ್ಸಲರೇಟರಿನ ಕೈ ಸಡಿಲಿಸುತ್ತಿದ್ದ. ಬೇರೆ ಯಾರೂ ಅಲ್ಲಿ ಸಡಿಲಿಸುವುದಿಲ್ಲ.

ಮುದಿಯಪ್ಪ ಆಚೀಚೆ ನೋಡಿ ದನಿ ತಗ್ಗಿಸಿದ. "ಆತು ಬಿಡು. ನೀ ಬರದದ್ದು ಬರದಿ. ಶುಕ್ರವಾರ ಅಂಗಡಿಗೆ ಬಾ, ಸೈನ್ ಮಾಡು. ಆರು ಆದ್ರ ವರ್ಗ ಉಳೀತೈತಿ. ನಿನ್ನ ಹಾಳಿ ಯಾರೂ ಕೇಳಂಗಿಲ್ಲ."

ಮಂಗಳವಾರ ಅವಳು ಬಸ್ಸು ಹಿಡಿದು ನವಲಿಗೆ ಹೋದಳು. ಗದ್ದೆಗಳಲ್ಲಿ ಭತ್ತ ಹಣ್ಣಾಗಿ ನಿಂತಿತ್ತು, ಗಾಳಿ ಇರಲಿಲ್ಲ. ಯಂಕೇಶ ಈಗ ಭತ್ತ ಕೊಯ್ಯುವ ಮಷೀನು ಓಡಿಸುತ್ತಾನೆ. ಹೊರಸಿನ ಮೇಲೆ ಕೂತಿದ್ದವನು ಅವಳನ್ನು ಕಂಡು ಎದ್ದು ನಕ್ಕ. ನಜೀಬನಂತೆ ಅವನಿಗೂ ಅವಳು ಆಪಾ, ಅಕ್ಕ.

"ಬರ್ರಿ ಆಪಾ, ಬರ್ರಿ. ನನ್ನ ಸುತ್ತು ಎಣಸಾಕ ಇಲ್ಲಿತನ ಬಂದ್ರೇನು?"

ಅವಳಿನ್ನೂ ಏನೂ ಹೇಳಿರಲಿಲ್ಲ. ಹಾಸ್ಯಕ್ಕೆ ಅಂದಿದ್ದ ಅಷ್ಟೇ, ಆದರೂ ಅವಳು ಹೊರಸಿನ ಮೇಲೆ ಕೂರದೆ ನಿಂತೇ ಕೇಳಿದಳು.

"ನಿನ್ನ ಗಾಡಿ ಎಲ್ಲೈತಿ ಯಂಕೇಶ?"

ಅವನು ಹಿತ್ತಲಿಗೆ ಕರೆದುಕೊಂಡು ಹೋದ. ಚಾಸಿಯ ಮೇಲೆ ಹೀರೇಬಳ್ಳಿ ಹಬ್ಬಿ ಹೂ ಬಿಟ್ಟಿತ್ತು. ಚಕ್ರಗಳಿರಲಿಲ್ಲ. ಇಂಜಿನ್ನು ಗೊಬ್ಬರದ ಚೀಲದಲ್ಲಿ ತುಂಡುತುಂಡಾಗಿತ್ತು. ಪಿಸ್ಟನ್ನನ್ನು ಕೈಗೆತ್ತಿಕೊಂಡರೆ ಅದರೊಳಗೆ ಜೇಡ ಮನೆ ಮಾಡಿತ್ತು.

"ಭಾನುವಾರ ಎಲ್ಲಿದ್ದಿ?"

"ಇಲ್ಲೇ, ಮನ್ಯಾಗ. ಉಂಡು ಅಡ್ಡಾಗಿದ್ದೆ."

ನೀರು ತಂದುಕೊಟ್ಟ ಅವನ ಹೆಂಡತಿ ಹುಲಗೆಮ್ಮ ತಂಬಿಗೆ ಕೆಳಗಿಟ್ಟಳು. "ಭಾನುವಾರದ್ದು ಕೇಳ್ತೀರೇನ್ರಿ? ಈತಗ ಎಚ್ಚರ ಇರ್ಲಿಲ್ಲ. ನಾ ಹೇಳ್ತೀನಿ. ಹನ್ನೆರಡು ಹೊಡದಿತ್ತು. ಮಲಗಿದಾಂವನ ಬಲಗೈ ಎದ್ದು ನಿಂತು ತಿರುಗಾಕ ಹತ್ತಿತು. ಒದ್ದಿ ಅರಬಿ ಹಿಂಡಿದಂಗ. ಹಿಡದೆ, ನಿಲ್ಲಲಿಲ್ಲ. ಕಲ್ಲಾಗಿತ್ತು ಕೈ. ನಡುನಡುವ ಒಮ್ಮೆ ಹಗೂರ ಹಿಂದಕ್ಕ ಬರೋದು, ಮತ್ತ ತಿರುಗೋದು."

"ಎಷ್ಟು ಸಲ ಹಿಂದಕ್ಕ ಬಂತು?"

"ಎಂಟು," ಎಂದಳು ಹುಲಗೆಮ್ಮ. "ಯಾಕ ಎಣಿಸಿದ್ನೋ ನನಗ ಗೊತ್ತಿಲ್ಲ. ಎಂಟಾದ ಮ್ಯಾಲ ಕೈ ತಾನಾ ಬಿತ್ತು. ಅಂಗೈ ನೋಡಿದ್ರ ಕೆಂಪು ಧೂಳು. ನಮ್ಮೂರಾಗ ಆ ಮಣ್ಣಿಲ್ಲರಿ."

ಯಂಕೇಶ ನಗಲು ನೋಡಿದ. "ಕನಸು ಬಿದ್ದಿತ್ತಷ್ಟ ಆಪಾ. ಕನಸಿನ್ಯಾಗೂ ಎಲ್ಲರ ಹಿಂದ ನಾನಾ." ಹಾಗೆನ್ನುತ್ತ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡ. ಎರಡು ದಿನವಾದರೂ ಅದು ನೋಯುತ್ತಿತ್ತು. ಕೊಯ್ಲಿನ ಮಷೀನಿನ ಹಿಡಿಕೆ ಹಿಡಿಯಲು ಆಗಿರಲಿಲ್ಲ.

ತಿರುಗಿ ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತು ಅವಳು ಒಂದೇ ಮಾತು ಯೋಚಿಸಿದಳು. ಸೈನ್ ಮಾಡಿದರೆ ಯಂಕೇಶನ ಹೆಸರು ಪಟ್ಟಿಯಲ್ಲಿ ನಿಲ್ಲುತ್ತದೆ. ನಿಂತ ಮೇಲೆ ಮುಂದಿನ ವರ್ಷವೂ ಆರು ಬೇಕು, ಅದರ ಮುಂದಿನ ವರ್ಷವೂ. ಆ ಕೈಗೆ ಬಿಡುವು ಯಾವಾಗ? ಸೈನ್ ಮಾಡದಿದ್ದರೆ ವರ್ಗ ಹೋಗುತ್ತದೆ, ತಮ್ಮನೂ ಉಳಿದ ನಾಲ್ವರೂ ಒಬ್ಬೊಬ್ಬರಾಗಿ ಹಿತ್ತಲಿನಲ್ಲಿ ಗಾಡಿ ಬಿಚ್ಚಿಡುತ್ತಾರೆ.

ಮನೆಗೆ ಬಂದವಳು ಹನ್ನೊಂದು ವರ್ಷದ ಸುತ್ತಿನ ಪುಸ್ತಕಗಳನ್ನೆಲ್ಲ ಇಳಿಸಿದಳು. ಎರಡು ದಿನ ಮಷೀನು ಮುಟ್ಟಲಿಲ್ಲ. ಸಂಘದಲ್ಲಿ ಉಳಿದಿದ್ದ ಇಪ್ಪತ್ತೊಂದು ಮಂದಿಯ ಹೆಸರನ್ನು ಚೀಟಿಯಲ್ಲಿ ಬರೆದು, ನೆಲಕ್ಕೆ ಹಾಸಿದ ಅಸ್ತರಿನ ಬಟ್ಟೆಗೆ ಗುಂಡುಪಿನ್ನಿನಿಂದ ಚುಚ್ಚುತ್ತ ಹೋದಳು. ಇಂಜಿನ್ನಿನ ಗಾತ್ರ ನೋಡಲಿಲ್ಲ. ಒಂದು ಸುತ್ತಿಗೆ ಯಾರು ಎಷ್ಟು ಹೊತ್ತು ತಗೊಳ್ಳುತ್ತಾರೆ, ಅದಷ್ಟೇ. ಬಟ್ಟೆಯ ಮೇಲೆ ಚೀಟಿಗಳು ತಾವಾಗಿಯೇ ಮೂರು ಗುಂಪಾದವು. ಇನ್ನೂರು ಸಿಸಿಯ ಇಬ್ಬರು ನಜೀಬನ ಪಕ್ಕ ಬಂದು ಕೂತರು.

ಶುಕ್ರವಾರ ಮಧ್ಯಾಹ್ನ ಮುದಿಯಪ್ಪನ ಅಂಗಡಿಯಲ್ಲಿ ಹತ್ತು ಹನ್ನೆರಡು ಮಂದಿ ಸೇರಿದ್ದರು. ಅವಳು ಬಟ್ಟೆ ಬಿಚ್ಚಿ ಹಾಸಿದಳು.

"ಇದೇನು, ಲಗ್ನದ ಊಟಕ್ಕ ಹಾಸೋ ದಸ್ತರಖಾನೇನು?" ಎಂದು ಯಾರೋ ನಕ್ಕರು.

"ಅಳತಿ ತಗೊಂಡು ಅಂಗಿ ಹೊಲೀತೀನ್ರಿ ನಾನು, ವಯಸ್ಸು ಕೇಳಿ ಹೊಲಿಯಂಗಿಲ್ಲ," ಎಂದಳು ತಸ್ಲೀಮಾ. "ಗಾಡಿ ಎಷ್ಟು ದೊಡ್ಡದು ಅಂತ ಕೇಳಬ್ಯಾಡ್ರಿ. ಆಂವ ಎಷ್ಟು ಹೊತ್ತಿನ್ಯಾಗ ಬರ್ತಾನ ಅದನ್ನ ನೋಡ್ರಿ. ಮೂರು ಗುಂಪು. ಪ್ರತಿಯೊಬ್ಬಗೂ ಮುಂದ ಒಬ್ಬ, ಹಿಂದ ಒಬ್ಬ ಇರ್ತಾನ. ಗುಂಪಿಗೆ ಏಳು ಮಂದಿ."

ನಜೀಬನ ಮುಖ ಕಪ್ಪಾಯಿತು. "ಅಂದ್ರ ನನ್ನ ಎಲ್ಲಾರಕಿಂತ ಸಾವಕಾಶದ ಗುಂಪಿಗೆ ಹಾಕೀದಿ. ನಮ್ಮ ವರ್ಗದಾಗ ನಾ ಫಸ್ಟ್ ಇದ್ದೆ ಆಪಾ. ಸೈನ್ ಮಾಡಿದ್ರ ಮುಗೀತಿತ್ತಲ್ಲ."

"ಐದು ಮಂದಿ ಒಳಗ ಫಸ್ಟ್," ಎಂದ ಇನ್ನೂರು ಸಿಸಿಯ ಯಮನೂರ. ಮೂರು ವರ್ಷದಿಂದ ಎಲ್ಲರಿಗಿಂತ ಮುಂದೆ ಗೆಲ್ಲುತ್ತಿದ್ದವನು. "ನನಗೂ ಮುಂದ ಯಾರೂ ಇಲ್ಲದ ರಸ್ತಾ ಸಾಕಾಗೇತಿ ತಮ್ಮಾ. ಹಿಂದ ನೋಡಿದ್ರ ಬರೇ ಧೂಳು. ಈ ಬಟ್ಟಿ ಛಲೋ ಐತಿ."

ಮೂವರು ಕೈ ಎತ್ತಿದರು, ಆಮೇಲೆ ಏಳು, ಆಮೇಲೆ ನಜೀಬನೂ, ಅರ್ಧ ಮನಸ್ಸಿನಿಂದ. ಮುದಿಯಪ್ಪ ಡ್ರಾಯರಿನಿಂದ ಭಾನುವಾರದ ಹಾಳೆ ತೆಗೆದ. ತಸ್ಲೀಮಾ ಪೆನ್ನು ತಗೊಂಡು ಆರನೇ ಹೆಸರನ್ನೂ ಎಂಟು ಗೆರೆಗಳನ್ನೂ ಒಂದೇ ಎಳೆತಕ್ಕೆ ಹೊಡೆದುಹಾಕಿದಳು. ಕೆಳಗೆ 'ಐದು' ಎಂದು ಬರೆದು ಸೈನ್ ಮಾಡಿದಳು.

"ಹಂಗಾರ ಹನ್ನೊಂದು ವರ್ಷದಾಗ ಮೊದಲನೇ ಸಲ ತಪ್ಪು ಕೇಳಿದಿ," ಎಂದ ಮುದಿಯಪ್ಪ. ಸಮಾಧಾನ ಮಾಡುವ ದನಿ ಅದು.

ಅವಳು ಬಟ್ಟೆಯನ್ನು ಅವನಿಗೇ ಬಿಟ್ಟು ಚಪ್ಪಲಿ ಮೆಟ್ಟಿದಳು.

"ತಪ್ಪಲ್ಲರಿ," ಎಂದಳು ಅವನ ಮುಖ ನೋಡದೆ. "ಆರು ಆಗ್ಲಿ ಅಂತ ಅವತ್ತು ಮುಂಜಾನಿಂದ ನಾ ಮನಸಿನ್ಯಾಗ ಒಂದ ಹೆಸರು ಕರೀತಿದ್ದೆ. ಹಂಗ ಕರೀಬಾರದಾಗಿತ್ತು, ಯಾಕಂದ್ರ ಕರದ್ರ ಆಂವಗ ಬರಲೇಬೇಕಾಗ್ತೈತಿ," ಅನ್ನುತ್ತಲೇ ಮೆಟ್ಟಿಲಿಳಿದು, ಬಿಸಿಲಿಗೆ ಸೆರಗು ಮುಂದೆಳೆದುಕೊಂಡು, ಬಸ್ ಸ್ಟ್ಯಾಂಡಿನ ಕಡೆ ನಡೆದಳು.