ತಪ್ಪಿದ ಸಾಲಷ್ಟೇ ತಿದ್ದುತ್ತಿದ್ದ ರತ್ನಮ್ಮಕ್ಕ

ರತ್ನಮ್ಮಕ್ಕ ಮುಡಿಯಲ್ಲಿ ಹೂವಿನ ಬದಲು ಕೆಂಪು ಪೆನ್ನು ಸಿಕ್ಕಿಸಿಕೊಳ್ಳುತ್ತಿದ್ದಳು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ರಾಯಚೂರಿನ ಒಂದು ಖಾಸಗಿ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದಾಗ ಅಕ್ಕ ಅಲ್ಲಿ ಹಿರಿಯ ಕಾಂಪೌಂಡರ್. ಕೂಲಿಯವರ ಮನೆಯಲ್ಲಿ ಹುಟ್ಟಿ, ಓದಿ, ಆ ಕುರ್ಚಿಗೆ ಬಂದವಳು.

ನಮ್ಮ ಡಾಕ್ಟರಿಗೆ ಮಾನ್ವಿ, ದೇವದುರ್ಗದಲ್ಲೂ ದವಾಖಾನೆಗಳಿದ್ದವು. ಮೂರೂ ಕಡೆ ಔಷಧಿಯ ಪ್ರಮಾಣ ಬರೆದ ಒಂದೊಂದು ವಹಿ. ಮೊದಲು ಮೂರೂ ಒಂದೇ ಇದ್ದವು. ಒಂದೊಂದು ಕಡೆ ಒಂದೊಂದು ಹದದಲ್ಲಿ ಔಷಧಿ ಕಲಸುತ್ತ ಬಂದಂತೆ ವಹಿಗಳೂ ಬೇರೆಬೇರೆಯಾದವು. ಒಂದರಲ್ಲಿ ತಪ್ಪು ಸಿಕ್ಕರೆ ಅಕ್ಕ ಬಸ್ಸು ಹತ್ತಿ ಹೋಗಿ ಉಳಿದೆರಡರಲ್ಲಿ ಆ ಸಾಲಷ್ಟೇ ತಿದ್ದಿ ಬರುತ್ತಿದ್ದಳು. "ಪೂರಾ ಹಾಳಿ ಇಳಿಸಬ್ಯಾಡ ತಂಗಿ. ತಿದ್ದಿದ್ದು ಒಂದೇ ಬರ್ಲಿ, ಆ ಊರಿಂದು ಉಳಿದದ್ದು ಅಲ್ಲೇ ಇರ್ಲಿ" ಎನ್ನುತ್ತಿದ್ದಳು. ನನಗೆ ಅದು ಅತಿಯೆನಿಸುತ್ತಿತ್ತು.

ಒಮ್ಮೆ ಮಾನ್ವಿಯ ವಹಿಯಲ್ಲಿ ಮಕ್ಕಳ ಕೆಮ್ಮಿನ ಔಷಧಿಯ ಪ್ರಮಾಣ ತಪ್ಪಿದ್ದು ಸಿಕ್ಕಿತು. ನಮ್ಮಲ್ಲೂ ಅದೇ ತಪ್ಪಿತ್ತು. ಅಕ್ಕ ದೇವದುರ್ಗಕ್ಕೆ ಹೋಗಿದ್ದಳು. ಮಾನ್ವಿಯಿಂದ ಬಂದ ತಿದ್ದಿದ ಹಾಳೆಯನ್ನು ನಾನು ನಮ್ಮ ವಹಿಗೆ ಪೂರಾ ಇಳಿಸಿಬಿಟ್ಟೆ. ಕೆಮ್ಮಿನ ಸಾಲೇನೋ ಸರಿಹೋಯಿತು. ಆದರೆ ಅದರ ಕೆಳಗಿದ್ದ ಜ್ವರದ ಔಷಧಿ ಮಾನ್ವಿಯಲ್ಲಿ ತೆಳು, ಎರಡು ಚಮಚ. ನಮ್ಮಲ್ಲಿ ಗಟ್ಟಿ, ಒಂದೇ ಚಮಚ. ನಾನು ಒಂದನ್ನು ಎರಡು ಮಾಡಿದ್ದೆ.

ಮಧ್ಯಾಹ್ನ ಬಂದ ಅಕ್ಕ ವಹಿ ನೋಡಿದವಳೇ ಕೇಳಿದಳು: "ಯಾರಿಗರ ಜ್ವರದ್ದು ಕೊಟ್ಟೀಯೇನು?"

ಬೆಳಿಗ್ಗೆ ಗುಂಜಹಳ್ಳಿಯ ಒಬ್ಬ ತಾಯಿಗೆ, ಮಗುವಿಗೆಂದು ಕೊಟ್ಟಿದ್ದೆ. ಹೇಳುತ್ತಲೇ ನನಗೆ ಅಳು ಬಂತು.

"ಅಳೂದು ಆಮ್ಯಾಲೆ. ನಡಿ, ಬಸ್ ಅದ."

ನಾವು ಹೋದಾಗ ಆ ತಾಯಿ ಒಮ್ಮೆ ಕುಡಿಸಿಯಾಗಿತ್ತು. ಎರಡನೆಯ ಸಲಕ್ಕೆ ಚಮಚ ತುಂಬುತ್ತಿದ್ದಳು. ಮಗು ಮಂಕಾಗಿ ಮಲಗಿತ್ತು. ಅಕ್ಕ ಅವಳ ಕೈ ಹಿಡಿದಳು. "ಬ್ಯಾಡ ಯವ್ವಾ. ತಪ್ಪು ನಮ್ದು, ಹೆಚ್ಚು ಹೇಳೀವಿ." ತಾಯಿ ಬಾಯಿಗೆ ಬಂದಂತೆ ಬೈದಳು. ಅಕ್ಕ ತಲೆತಗ್ಗಿಸಿ ಕೇಳಿಸಿಕೊಂಡಳು. ನನ್ನ ಕಡೆ ಬೆರಳು ತೋರಿಸಲಿಲ್ಲ. ಮಗುವನ್ನೆತ್ತಿಕೊಂಡು ಡಾಕ್ಟರ ಹತ್ತಿರ ಬಂದೆವು. ಮರುದಿನ ಅದು ಹಾಲು ಕುಡಿದು ನಕ್ಕಿತು.

ಯಾರ ಕೆಲಸ ಇದು ಎಂದು ಡಾಕ್ಟರು ಗದರಿದರು. "ಕಲಿಸಿದಾಕಿ ನಾನ್ರೀ. ನನಗ ಅನ್ರಿ" ಎಂದಳು ಅಕ್ಕ.

ಎಂಬತ್ತರ ದಶಕದಲ್ಲಿ ಅಕ್ಕ ದೇವದುರ್ಗದ ದವಾಖಾನೆಗೇ ಹೋಗಿ ನೆಲೆಸಿದಳು. ಒಂದು ದಿನ ಆಕೆ ತೀರಿಹೋದಳೆಂಬ ಸುದ್ದಿ ಬಂತು. ನಾನು ದೇವದುರ್ಗ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಅಕ್ಕನ ಮನೆಯ ಅಂಗಳದಲ್ಲಿದ್ದ ಮುದುಕಿಯೊಬ್ಬಳು ಕೇಳಿದಳು: "ನೀ ಅಕಿಗೆ ಏನಾಗ್ಬೇಕವ್ವಾ?"

"ತಂಗಿ" ಎಂದೆ. ಮುದುಕಿ ಸರಿದು ಕೂತು, ಮನೆಯವರ ಸಾಲಿನಲ್ಲಿ ನನಗೆ ಜಾಗ ಬಿಟ್ಟಳು.