ಎಡಗೈಗೆ ಮರೆವು ಕಲಿಸುವ ಬ್ರೇಕಕ್ಕ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಮುಚ್ಚಿಹೋದ ನೂಲಿನ ಗಿರಣಿಯ ಹಿಂದಿನ ಸಿಮೆಂಟಿನ ಅಂಗಳದಲ್ಲಿ ಒಂದೇ ಒಂದು ಬೈಕು ಸುತ್ತು ಹಾಕುತ್ತಿದೆ. ಮೋಟು ಕಂಬದ ಹಿಂದೆ, ಐವತ್ತು ದಾಟಿದ ಹೆಂಗಸೊಬ್ಬರು ಕಣ್ಣಾಮುಚ್ಚಾಲೆ ಆಡುವ ಮಗುವಿನ ಹಾಗೆ ಅಡಗಿ ನಿಂತಿದ್ದಾರೆ. ಕಾಲಲ್ಲಿ ಗಂಡಸರ ಬೂಟು, ಕೈಯಲ್ಲಿ ಸೈಕಲ್ಲಿನ ಸವೆದ ಟೈರು. ಬೈಕು ಮೂಲೆ ತಿರುಗಿದ್ದೇ ತಡ, ಟೈರನ್ನು ಅದರ ಮುಂದಕ್ಕೆ ಉರುಳಿಸಿಬಿಡುತ್ತಾರೆ.

"ಅಯ್ಯಯ್ಯೋ!" ಸವಾರ ಕಿರುಚುತ್ತಾನೆ. ಬೈಕು ನಿಲ್ಲುವುದಿಲ್ಲ. ಟೈರನ್ನು ಹಾರಿಸಿಕೊಂಡು, ಕುಡಿದವರ ಹಾಗೆ ವಾಲಾಡಿ, ಗೋಡೆ ಹತ್ತಿರವಾದ ಮೇಲೆ ಹೇಗೋ ನಿಲ್ಲುತ್ತದೆ.

"ಏನು ಒತ್ತಿದೆ?"

"ಬ್ರೇಕೇ ಒತ್ತಿದೆ ಅಕ್ಕ."

"ನಿನ್ ಬಾಯಿ ಬ್ರೇಕು ಅಂತಿದೆ. ಕೈ ನೋಡ್ಕೋ."

ಅವನು ನೋಡಿಕೊಳ್ಳುತ್ತಾನೆ. ಎಡಗೈಯ ನಾಲ್ಕೂ ಬೆರಳು ಕ್ಲಚ್ಚನ್ನು ಬಿಗಿಯಾಗಿ ಅಪ್ಪಿಕೊಂಡು ಕೂತಿವೆ.

ಈ ಹೆಂಗಸನ್ನು ಎಲ್ಲರೂ ಕರೆಯುವುದು ಬ್ರೇಕಕ್ಕ ಎಂದು. ಹೊಸದಾಗಿ ಬೈಕು ಹತ್ತುವವರಿಗೆ ಪಾಠ ಹೇಳುವುದು ಅವರ ಕಸುಬು. ಮಿಕ್ಕ ಕಡೆ ಮೊದಲ ದಿನವೇ ಎಂಜಿನ್ ಗುಡುಗಿಸುತ್ತಾರೆ. ಇಲ್ಲಿ ಕೀಲಿ ಅಕ್ಕನ ಜೇಬಿನಲ್ಲೇ ಇರುತ್ತದೆ. ಕಲಿಯುವವರು ಬೈಕನ್ನು ಎಮ್ಮೆಯ ಹಾಗೆ ತಳ್ಳಿಕೊಂಡು ಅಂಗಳ ಸುತ್ತಬೇಕು. ಅದರ ಭಾರ ಯಾವ ಕಡೆ ವಾಲುತ್ತದೆ, ವಾಲಿದರೆ ಹೇಗೆ ತಡೆಯಬೇಕು ಎಂಬುದು ಮೈಗೆ ಗೊತ್ತಾಗಲಿ ಎಂದು. "ಓಡ್ಸೋದನ್ನ ಬೈಕೇ ಕಲಿಸುತ್ತೆ. ನಾನು ಕಲಿಸೋದು ನಿಲ್ಸೋದನ್ನ" ಎನ್ನುತ್ತಾರೆ.

ಹೆಲ್ಮೆಟ್ಟನ್ನು ಟ್ಯಾಂಕಿನ ಮೇಲಿಟ್ಟುಕೊಂಡು ಬಂದವರಿಗೆ ಸ್ವಾಗತವೇ ಬೇರೆ. "ಟ್ಯಾಂಕಿನ ಮಿದುಳು ಚೆಲ್ಲೀತು ಅಂತ ಭಯಾನಾ?" ತಲೆಗೇರಿಸಿದರೂ ಪಟ್ಟಿ ಬಿಗಿಯದಿದ್ದರೆ, ಹಿಂದಿನಿಂದ ಬಂದು ಒಂದೇಟಿಗೆ ಹೆಲ್ಮೆಟ್ಟನ್ನು ಹಾರಿಸಿಬಿಡುತ್ತಾರೆ. "ನೋಡು, ಬಿದ್ದಾಗ ಮೊದ್ಲು ಓಡಿಹೋಗೋದು ಇದೇ. ಕಷ್ಟಕಾಲಕ್ಕೆ ನೆಂಟರಿದ್ದಂಗೆ." ಇನ್ನು ಬೈಕಿನಲ್ಲೇ ಕೀಲಿ ಬಿಟ್ಟು ಟೀ ಕುಡಿಯಲು ಹೋದವರು ವಾಪಸು ಬರುವಷ್ಟರಲ್ಲಿ ಬೈಕು ಮಾಯ. ಗಿರಣಿಯ ಹಿಂದಿನಿಂದ ಅದನ್ನು ತಳ್ಳಿಕೊಂಡು ಬರುತ್ತಾ ಅಕ್ಕ ಅವರ ಧ್ವನಿಯನ್ನೇ ಅಣಕಿಸುತ್ತಾರೆ: "'ಒಂದೇ ನಿಮಿಷ ಅಕ್ಕಾ, ಹಿಂಗೋಗಿ ಹಂಗ್ ಬಂದೆ!' ಕಳ್ಳನೂ ಅಷ್ಟೇ ಕಣಪ್ಪ, ಹಿಂಗ್ ಬಂದು ಹಂಗೋಗ್ತಾನೆ. ಹ್ಯಾಂಡಲ್ ಲಾಕ್ ಹಾಕು, ಕೀಲಿ ಜೇಬಿಗೆ ಹಾಕು, ಆಮೇಲೆ ಟೀಗೆ ಸಕ್ಕರೆ ಹಾಕು."

ನಗು ಇಷ್ಟಕ್ಕೇ ಮುಗಿಯುತ್ತದೆ. ಅಕ್ಕನ ನಿಜವಾದ ಜಗಳ ಎಡಗೈಯ ಜೊತೆ.

ಗೇರಿಲ್ಲದ ಸ್ಕೂಟರಿನಲ್ಲಿ ಎಡಗೈ ಒತ್ತಿದರೆ ಹಿಂದಿನ ಬ್ರೇಕು. ಗೇರಿನ ಬೈಕಿನಲ್ಲಿ ಅದೇ ಜಾಗದಲ್ಲಿ ಕೂತಿರುವುದು ಕ್ಲಚ್ಚು; ಬ್ರೇಕು ಬಲಗಾಲಿಗೂ ಬಲಗೈಗೂ ವರ್ಗವಾಗಿರುತ್ತದೆ. ವರ್ಷಗಟ್ಟಲೆ ಸ್ಕೂಟರ್ ಓಡಿಸಿದವರು ಬೈಕು ಹತ್ತಿದರೆ, ಸುಮ್ಮನಿರುವಷ್ಟು ಹೊತ್ತು ಎಲ್ಲ ನೆನಪಿರುತ್ತದೆ. ಧುತ್ತೆಂದು ಯಾರಾದರೂ ಅಡ್ಡ ಬಂದರೆ ಮಾತ್ರ ಎಡಗೈ ತನ್ನ ಹಳೆಯ ನೌಕರಿಗೆ ಹಾಜರಾಗಿಬಿಡುತ್ತದೆ. ಕ್ಲಚ್ಚು ಒತ್ತಿದ ಬೈಕು ನಿಲ್ಲುವುದುಂಟೆ? ಎಂಜಿನ್ನಿನ ಹಿಡಿತವೂ ತಪ್ಪಿ, ಹಗ್ಗ ಹರಿದ ಹೋರಿಯ ಹಾಗೆ ನುಗ್ಗುತ್ತದೆ.

ಈ ಸಂಗತಿ ಅಕ್ಕನಿಗೆ ತಿಳಿದದ್ದು ಆಸ್ಪತ್ರೆಯ ಮಂಚದ ಪಕ್ಕದಲ್ಲಿ. ಅವರ ಯಜಮಾನರು ಆಗ ಅಂಗಡಿಗಳಿಗೆ ಸೋಪಿನ ಪೆಟ್ಟಿಗೆ ತಲುಪಿಸುತ್ತಿದ್ದರು. ಒಂದು ದಿನ ಸ್ಕೂಟರ್ ಕೆಟ್ಟಿತೆಂದು ಪಕ್ಕದ ಮನೆಯವರ ಬೈಕು ಕೇಳಿ ಪಡೆದು ಹೋದರು. ತಿರುವಿನಲ್ಲಿ ವ್ಯಾನೊಂದು ಎದುರಾಯಿತು. "ಬ್ರೇಕ್ ಒತ್ತಿದೆ ಕಣೇ, ಹಿಡೀಲಿಲ್ಲ" ಎಂದೇ ಹೇಳುತ್ತಿದ್ದರು. ಬೈಕಿನವರು ತಮ್ಮ ಗಾಡಿಯ ಬ್ರೇಕು ಸರಿಯಾಗಿಯೇ ಇತ್ತೆಂದು ಜಗಳಕ್ಕೆ ಬಂದರು. ಬಂಧುಬಳಗ ಹಣೆಬರಹದ ಮೇಲೆ ಹಾಕಿ ಎದ್ದು ಹೋಯಿತು. ಅಕ್ಕ ಮಾತ್ರ ಕೇಳಿದರು: "ಹೆಂಗೆ ಒತ್ತಿದ್ರಿ, ತೋರ್ಸಿ." ಮಲಗಿದ್ದಲ್ಲೇ ಅವರು ಗಾಳಿಯಲ್ಲಿ ಕೈ ಎತ್ತಿ ಒತ್ತಿ ತೋರಿಸಿದರು. ಎತ್ತಿದ್ದು ಎಡಗೈ.

"ಕಳ್ಳತನ ಮಾಡಿದ್ದು ಎಡಗೈ, ಜೈಲಿಗೆ ಹೋಗಿದ್ದು ಬಲಗಾಲು" ಎಂದು ಯಜಮಾನರು ಈಗಲೂ ಮಡಿಸಲಾಗದ ಮಂಡಿಯನ್ನು ತಟ್ಟಿ ನಗುತ್ತಾರೆ. ಮನೆಯ ಮುಂದಿನ ಕೋಣೆಯಲ್ಲಿ ಕೂತು ಬೈಕುಗಳ ಸೀಟಿಗೆ ರೆಕ್ಸಿನ್ ಹೊಲಿಯುವುದು ಅವರ ಕೆಲಸ. ಗೋಡೆಯುದ್ದಕ್ಕೂ ಹರಕು ಸೀಟುಗಳು, ಊಟದ ಪಂಕ್ತಿಗೆ ಕಾದು ಕೂತವರಂತೆ. ಯಜಮಾನರ ಆ ಮಾತಿಗೆ ಅಕ್ಕ ನಗುವುದಿಲ್ಲ. ಅದನ್ನು ಅವರು ಸಾವಿರ ಸಲ ಕೇಳಿದ್ದಾರೆ.

ಅಂಗಳದಲ್ಲಿ ಟೈರಿಗೆ ಗುದ್ದಿದವನ ಅಡ್ಡಹೆಸರು ಜೆರಾಕ್ಸ್. ಕಾಲೇಜಿನ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ; ಮಕ್ಕಳೆಲ್ಲ ಫೋನಿನಲ್ಲೇ ಓದತೊಡಗಿದ ಮೇಲೆ ಬಾಗಿಲೆಳೆದ. ಈಗ ಪಾರ್ಸಲ್ ಕಂಪನಿಯೊಂದು ಕೆಲಸ ಕೊಡುತ್ತೇನೆಂದಿದೆ, ಆದರೆ ಕೊಡುವುದು ಗೇರಿನ ಬೈಕು. ಹೊಸಬರನ್ನು ಕಂಪನಿ ಬ್ರೇಕಕ್ಕನ ಬಳಿ ಕಳಿಸುತ್ತದೆ. ಅವರು ಹೂಂ ಎಂದರೆ ಬೈಕಿನ ಕೀಲಿ. ಜೆರಾಕ್ಸ್ ಹದಿನೈದು ವರ್ಷ ಸ್ಕೂಟರ್ ಓಡಿಸಿದವನು. ಗೇರು ಬದಲಿಸುವುದು ಬೆಣ್ಣೆಯಂತೆ, ತಿರುವು ತೆಗೆಯುವುದು ನೀರಿನಂತೆ. ಟೈರು ಬಂದಾಗ ಮಾತ್ರ ಅದೇ ಎಡಗೈ. "ಎಷ್ಟು ಸಲ ತಿದ್ದಿದ್ರೂ ಅದೇ ತಪ್ಪಿನ ಕಾಪಿ ತೆಗೀತೀಯಲ್ಲೋ" ಎಂದು ಅಕ್ಕ ಬೈಯುತ್ತಾರೆ. ಅವನು ನಗಲು ನೋಡುತ್ತಾನೆ, ಆಗುವುದಿಲ್ಲ. ಅವನ ಪಾಠಕ್ಕೆ ಇದೇ ಕೊನೆಯ ದಿನ.

ಕಂಪನಿಯ ಸೂಪರ್‌ವೈಸರ್ ಬರುತ್ತಾನೆ. ಎಳೆಯ ವಯಸ್ಸು, ಇಸ್ತ್ರಿ ಮುರಿಯದ ಅಂಗಿ. ಜೆರಾಕ್ಸ್ ಅವನೆದುರು ಒಂದು ಸುತ್ತು ಹಾಕಿ, ಸರಿಯಾಗಿಯೇ ನಿಲ್ಲಿಸುತ್ತಾನೆ.

"ಆಕ್ಚುಲಿ ಅಕ್ಕ, ಇವ್ರು ಚೆನ್ನಾಗೇ ಓಡಿಸ್ತಾರಲ್ಲ. ಹೂಂ ಅಂದ್ಬಿಡಿ."

"ಓಡ್ಸೋದ್ರಲ್ಲಿ ತಕರಾರಿಲ್ಲಪ್ಪ. ನಿಲ್ಸೋಕೆ ಬರಲ್ಲ."

"ಈಗ ನನ್ ಮುಂದೇನೇ ನಿಲ್ಸಿದ್ರಲ್ಲ!"

"ನಿಲ್ಸಬೇಕು ಅಂತ ಮೊದ್ಲೇ ಗೊತ್ತಿದ್ರೆ ನಿಲ್ಸ್ತಾನೆ. ರೋಡಲ್ಲಿ ಯಾರು ಹೇಳಿ ಕೇಳಿ ಅಡ್ಡ ಬರ್ತಾರೆ? ಇನ್ನೊಂದು ವಾರ ಬಿಡಿ, ಕೈ ದಾರಿಗೆ ಬರುತ್ತೆ."

"ಒಂದು ವಾರಾನಾ? ಆಕ್ಚುಲಿ, ರೋಡಿಗಿಳಿದ್ರೆ ತಾನಾಗೇ ಕಲೀತಾರೆ."

"ಬಾವಿಗೆ ತಳ್ಳಿ ಈಜು ಕಲಿಸ್ತೀರಾ?"

ಜೆರಾಕ್ಸ್ ನಡುವೆ ಬರುತ್ತಾನೆ. ದನಿ ಇಳಿದಿದೆ. "ಅಕ್ಕ, ವಾರ ಕಾದ್ರೆ ಈ ಕೆಲಸ ಇನ್ಯಾರದೋ ಪಾಲಾಗುತ್ತೆ. ಮನೇಲಿ ಹೆಂಡ್ತಿ, ಮಗಳು ನನ್ನ ಮುಖ ನೋಡ್ಕೊಂಡು ಕೂತಿದಾರೆ. ಅಡ್ಡ ಬಂದ್ರೆ ತಾನೆ? ನಿಧಾನಕ್ಕೆ ಹೋಗ್ತೀನಿ."

"ಬೇಡ ತಮ್ಮ. ನನ್ ಬಾಯಲ್ಲಿ ಹೂಂ ಬರಲ್ಲ."

"ನಿಮ್ಗೇನಕ್ಕ, ನಿಮ್ಮನೆ ಹೆಂಗೋ ನಡೀತದೆ" ಎನ್ನುತ್ತಾನೆ ಅವನು.

ಬ್ರೇಕಕ್ಕ ಟೈರನ್ನು ಎತ್ತಿ ಕಂಬಕ್ಕೆ ಒರಗಿಸುತ್ತಾರೆ. ಸೂಪರ್‌ವೈಸರ್ ಜೇಬಿನಿಂದ ಕಂಪನಿ ಬೈಕಿನ ಕೀಲಿ ತೆಗೆದು ಜೆರಾಕ್ಸನ ಅಂಗೈಗೆ ಹಾಕುತ್ತಾನೆ. ಬೈಕು ಗಿರಣಿಯ ಗೇಟು ದಾಟಿ ರಸ್ತೆಯ ಗದ್ದಲದೊಳಗೆ ಸೇರಿಹೋಗುತ್ತದೆ.

ಅದಾಗಿ ತಿಂಗಳುಗಳೇ ಕಳೆದಿವೆ, ಕಂಪನಿ ಒಬ್ಬರನ್ನೂ ಇತ್ತ ಕಳಿಸಿಲ್ಲ. ಒಂದೇ ಬೆಳಗ್ಗೆ ಎಂಟರ ಆಕಾರದಲ್ಲಿ ಸುತ್ತು ಹಾಕಿಸಿ, ಬೆನ್ನು ತಟ್ಟಿ ಕಳಿಸುವ ಇನ್ನೊಂದು ಕಡೆ ಅವರಿಗೆ ಸಿಕ್ಕಿದೆ. ಅಕ್ಕನ ಅಂಗಳಕ್ಕೆ ಈಗ ಬರುವವರು ಬೆರಳೆಣಿಕೆ: ರಾತ್ರಿ ಪಾಳಿಯ ನರ್ಸೊಬ್ಬರು, ನಿವೃತ್ತಿಯಾದ ಮೇಲೆ ಹುರುಪು ಬಂದ ಗುಮಾಸ್ತರೊಬ್ಬರು. ಸತ್ಯ ಹೇಳಿದವನ ಅಂಗಡಿಗೆ ಗಿರಾಕಿ ಕಡಿಮೆ, ನೊಣ ಜಾಸ್ತಿ.

ಇವತ್ತು ಅಕ್ಕ ಪಾಠ ಮುಗಿಸಿ ಮನೆಗೆ ಬಂದರೆ ಬಾಗಿಲಲ್ಲಿ ಜೆರಾಕ್ಸ್! ಯಜಮಾನರು ತರಿಸಿದ ರೆಕ್ಸಿನ್ ಸುರುಳಿಯನ್ನು ತಂದಿದ್ದಾನೆ. ಕಂಪನಿಯ ಅಂಗಿ ಹೊಟ್ಟೆಯ ಹತ್ತಿರ ಬಿಗಿಯಾಗಿದೆ. ಹೆಲ್ಮೆಟ್ಟಿನ ಪಟ್ಟಿ ಬಿಗಿದಿದ್ದಾನೆ, ಹ್ಯಾಂಡಲ್ ಲಾಕ್ ಹಾಕಿದ್ದಾನೆ, ಕೀಲಿ ಜೇಬಿನಲ್ಲಿದೆ. ಹೇಳಿದ್ದೆಲ್ಲ ಚಾಚೂ ತಪ್ಪದೆ ಪಾಲಿಸಿದ್ದಾನೆ.

"ನೋಡಿದ್ರಾ ಅಕ್ಕ? ಇಷ್ಟು ದಿನದಲ್ಲಿ ಒಂದು ಗೀರೂ ಇಲ್ಲ. ಸುಮ್ನೆ ಹೆದರಿಸ್ತಿದ್ರಿ!"

"ಒಳ್ಳೇದಾಯ್ತು ಬಿಡು. ಆದ್ರೂ ಭಾನುವಾರ ಬೆಳಗ್ಗೆ ಅಂಗಳಕ್ಕೆ ಬಾ. ಫೀಸು ಬೇಡ."

"ಭಾನುವಾರಾನೇ ಪಾರ್ಸಲ್ ಜಾಸ್ತಿ ಅಕ್ಕ" ಎಂದು ನಕ್ಕು, ಯಜಮಾನರು ಕೊಟ್ಟ ನೀರನ್ನು ನಿಂತೇ ಕುಡಿದು, ಬೈಕು ಹತ್ತುತ್ತಾನೆ. ಓಣಿಯ ತುದಿಯಲ್ಲಿ ಬೆಕ್ಕೊಂದು ಗೋಡೆಯಿಂದ ಜಿಗಿಯುತ್ತದೆ. ಅವನಿಗಿಂತ ತುಸು ದೂರದಲ್ಲೇ, ಪುಣ್ಯ. ಅಕ್ಕನ ಕಣ್ಣು ಬೆಕ್ಕಿನ ಮೇಲಿಲ್ಲ. ಅವನ ಎಡಗೈ ಬೆರಳುಗಳು ಬಿಗಿದು ಸಡಿಲವಾದದ್ದನ್ನು ಅವರು ಇಲ್ಲಿಂದಲೇ ನೋಡುತ್ತಾರೆ.

ಶಾಲೆ ದೊಡ್ಡದು ಮಾಡುವ ಆಸೆ ಇದೆಯೇ, ಸನ್ಮಾನಗಿನ್ಮಾನ ಏನಾದರೂ ಬೇಕೇ ಎಂದು ಕೇಳಿದರೆ ಬ್ರೇಕಕ್ಕ ಬೂಟು ಬಿಚ್ಚುತ್ತಾ ತಲೆಯಾಡಿಸುತ್ತಾರೆ.

"ಅದೆಲ್ಲ ಏನಕ್ಕೆ? ನನ್ ಮಾತು ಸುಳ್ಳಾಗ್ಲಿ, ಅಷ್ಟೇ. ಅವನು ಹಣ್ಣು ಹಣ್ಣು ಮುದುಕನಾಗಿ, ಕೋಲೂರಿಕೊಂಡು, ಸಿಕ್ಕಸಿಕ್ಕೋರಿಗೆಲ್ಲ ಹೇಳ್ಕೊಂಡು ತಿರುಗಲಿ, ಆ ಬ್ರೇಕಕ್ಕಂಗೆ ಏನೂ ಗೊತ್ತಿರ್ಲಿಲ್ಲ ಅಂತ."